ಮೂರು ಮೀಟರಿನ ನಡುವೆ ತೊಗರಿ

ಎಂಬತ್ತನಾಲ್ಕರ ಎಳ್ಳ ಅಮಾವಾಸ್ಯೆಯ ಮರುದಿನ ನಾನು ರಾಯಚೂರು ಸೀಮೆಯ ಜಾಲಹಳ್ಳಿಗೆ ಮರಳಿದೆ. ನೋಡಿದರೆ ಪ್ರಯೋಗದ ನೀಲಗಿರಿ ತೋಪಿನಲ್ಲಿ ತೊಗರಿ ಕಾಯಿ ಕಟ್ಟಿ ನಿಂತಿದೆ. ಮೊದಲೇ ನನ್ನದು ಮೂಗಿನ ತುದಿಯ ಸಿಟ್ಟು.

ನಾನು ಮುದುಕಪ್ಪ, ಅರಣ್ಯ ಇಲಾಖೆಯ ದಿನಗೂಲಿ ಕಾವಲುಗಾರ. ಮಳೆಗಾಲದಿಂದ ನನ್ನನ್ನು ಮಾನ್ವಿಯ ನರ್ಸರಿಗೆ ಹಾಕಿದ್ದರು. ಈ ತೋಪಿನಲ್ಲಿ ಸಸಿಗಳನ್ನು ಒಂದು ಕಡೆ ಮೀಟರಿಗೊಂದು, ಇನ್ನೊಂದು ಕಡೆ ಎರಡು ಮೀಟರಿಗೊಂದು, ಆಚೆಯ ಎರಡು ತುಂಡುಗಳಲ್ಲಿ ಮೂರು ಮೀಟರಿಗೊಂದು ಹಚ್ಚಿದ್ದೆವು. ಎಷ್ಟು ದೂರ ಬಿಟ್ಟರೆ ಮರ ಎಷ್ಟು ದಪ್ಪವಾಗುತ್ತದೆ ಎಂಬುದೇ ಪರೀಕ್ಷೆ. ನಡುವೆ ಹುಲ್ಲು ಕೂಡ ಇರಬಾರದು. ಅಂದು ಮಧ್ಯಾಹ್ನವೇ ರಾಯಚೂರಿನಿಂದ ಮಹಮ್ಮದ್ ಹುಸೇನ್ ಸಾಹೇಬರು ಅಳತೆಗೆ ಬರುವವರಿದ್ದರು. ನನ್ನ ಕೆಲಸ ಕಾಯಂ ಆಗುವುದೂ ಹೋಗುವುದೂ ಅವರ ಒಂದು ಮಾತಿನಲ್ಲಿತ್ತು.

ಕೂಲಿ ಹೆಂಗಸರ ಮುಂದಾಳು ಕರೆಮ್ಮ ಬದುವಿನ ಮೇಲೆ ಕೂತಿದ್ದಳು.

“ಯಾರ್ನ ಕೇಳಿ ಬಿತ್ತಿದಿ ಯವ್ವಾ?”

“ಯಾರ್ನ ಕೇಳಬೇಕಲೇ ಮುದುಕಪ್ಪಾ? ಇಷ್ಟಗಲ ನೆಲ ಬರೇ ಬಿದ್ದಿತ್ತು. ಬೀಜ ಹಾಕೋದು ಮರ್ತೀರಿ ಅಂತ ತಿಳಕೊಂಡೆ. ಒಂದ ತುಂಡಿಗೆ ಮುಗೀತು ಬೀಜ.”

“ಈಗ ಎಲ್ಲಾ ಕಿತ್ತು ಒಗಿತೀನಿ.”

“ನಿನ್ನಿ ಅಮಾಸಿಗೆ ಬೆಳಿಗೆ ಎಡಿ ಹಿಡದು ಚರಗ ಚೆಲ್ಲೀನಿ. ಬಸರಿ ಬೆಳಿಗೆ ಉಣಿಸಿದ ಮ್ಯಾಲ ಕೀಳ್ತಾರೇನು?”

ಮನೆಯಲ್ಲಿ ನನ್ನ ಹೆಂಡತಿ ಸೂಗಮ್ಮ ಏಳು ತಿಂಗಳ ಬಸುರಿ. ಗಿಡಕ್ಕೆ ಹಾಕಿದ ಕೈ ಹಿಂದಕ್ಕೆ ಬಂತು. ಕೆಲಸ ಹೋಯಿತು ಎಂದುಕೊಂಡು ಅಲ್ಲೇ ಕುಕ್ಕರಿಸಿದೆ.

ಸಾಹೇಬರು ಬಂದರು, ತೊಗರಿ ನೋಡಿದರು, ನನ್ನನ್ನು ನೋಡಿದರು.

“ತಪ್ಪಾಗ್ಯಾದ್ರೀ. ಕೀಳಬೇಕಂದ್ರ ಕೈ ಏಳಲಿಲ್ರೀ.” ನಾನು ಕರೆಮ್ಮನ ಹೆಸರು ಹೇಳಲಿಲ್ಲ.

“ಅವಂದೇನದ? ನಾನ ಬಿತ್ತೀನ್ರೀ ಸಾಹೇಬ್ರ,” ಅಂದಳು ಅವಳು.

ಸಾಹೇಬರು ಟೇಪು ಹಿಡಿದು ಒಂದೊಂದೇ ಮರ ಸುತ್ತಿದರು. ತೊಗರಿ ಇಲ್ಲದ ಮೂರು ಮೀಟರಿನ ತುಂಡಿಗೆ ಹೋದರು, ತಿರುಗಿ ಇಲ್ಲಿಗೇ ಬಂದು ಮತ್ತೆ ಅಳೆದರು. ಎರಡರಲ್ಲೂ ಮರದ ದಪ್ಪ ಒಂದೇ; ತೊಗರಿಯಿಂದ ಮರ ಸೊರಗಿರಲಿಲ್ಲ.

“ತೊಗರಿ ಬಿತ್ತಿದ್ದು ಯಾವಾಗ?”

“ಮಿರಗದ ಮಳಿಗ್ರೀ, ಮುಂಗಾರು ಹಿಡಿದಾಗ,” ಅಂದಳು ಕರೆಮ್ಮ.

“ಬರದಿಟ್ಟವರು ಯಾರು?”

ಯಾರೂ ಬರೆದಿಟ್ಟಿರಲಿಲ್ಲ. ಸಾಹೇಬರು ನನ್ನ ಕಡೆ ತಿರುಗಿದರು. “ಮುಂದಿನ ವರ್ಷಾನೂ ಬಿತ್ತಸು. ಎಲ್ಲಾ ನೀನ ಬರದಿಡಬೇಕು. ಮಾನ್ವಿಗೆ ಹೋಗೋದು ಬ್ಯಾಡ. ನಿನ್ನ ಕಾಯಂಗೆ ನಾನು ಬರೀತೀನಿ.”

ಸಂತೋಷಕ್ಕೆ ನಾನು ಸಾಹೇಬರ ಕೈಯ ಟೇಪು ಇಸಕೊಂಡು ಸುತ್ತಿಡತೊಡಗಿದೆ. ಕರೆಮ್ಮ ಮಾತ್ರ ಆಗಲೇ ಒಂದು ಮೀಟರಿನ ತುಂಡಿನಲ್ಲಿ ನಿಂತು, ಇಷ್ಟು ಇಕ್ಕಟ್ಟಾಗಿ ಹಚ್ಚಿದವರನ್ನು ಬೈಯುತ್ತಿದ್ದಳು. ಹಚ್ಚಿದವಳು ಅವಳೇ.

ಸಂಜೆ ಅವಳು ಚರಗದ ಸಜ್ಜೆ ರೊಟ್ಟಿ ಕಟ್ಟಿಕೊಂಡು ನಮ್ಮ ಮನೆಗೆ ಬಂದು ಸೂಗಮ್ಮನ ಮುಂದಿಟ್ಟಳು.

“ತಿನ್ನವ್ವ. ನಿನ್ನ ಗಂಡಗ ಸಿಟ್ಟು ಭಾಳ ಅದ, ಆದ್ರ ಬಸರಿ ಮ್ಯಾಲ ಕೈ ಏಳಂಗಿಲ್ಲ.”