ಡಾಕ್ಟರ ಮೇಜಿನ ಮೇಲಿದ್ದ ಕಿಡ್ನಿ

ಪ್ರಿಂಟಿಂಗ್ ಪ್ರೆಸ್ಸಿನವನ ಮನೆಯಲ್ಲಿ ವಾರಕ್ಕೆ ಮೂರು ದಿನ ಡಯಾಲಿಸಿಸ್ ಓಡಾಟ. ಹೆಂಡತಿಯ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಅವಳ ಅಕ್ಕ ತನ್ನದೊಂದನ್ನು ಕೊಡಲು ಒಪ್ಪಿ, ಪರೀಕ್ಷೆಗಳೆಲ್ಲ ಮುಗಿದು, ಗುರುವಾರ ಆಪರೇಷನ್ ಎಂದು ನಿಗದಿಯಾಗಿತ್ತು.

ಸೋಮವಾರ ಬೆಳಿಗ್ಗೆ ಅವನಿಗೆ ಡಾಕ್ಟರ ಮೇಜಿನ ಮೇಲೆ ಒಂದು ಕಿಡ್ನಿ ಕಂಡಿತು. "ಇದೇನು ಸಾರ್?" ಎಂದ. "ನಿಮ್ಮವರ ಆಪರೇಷನ್‌ಗೇ ತ್ರೀಡಿ ಪ್ರಿಂಟ್ ಮಾಡಿಸಿದ್ದು" ಎನ್ನುತ್ತ ಡಾಕ್ಟರು ಅವಸರದಲ್ಲಿ ಎದ್ದುಹೋದರು. ಇಪ್ಪತ್ತು ವರ್ಷ ಕ್ಯಾಲೆಂಡರ್, ಕರಪತ್ರ ಅಚ್ಚು ಹಾಕಿದವನಿಗೆ ಇನ್ನೇನು ಬೇಕು? ಅಚ್ಚಾಯಿತು ಎಂದರೆ ಕೆಲಸ ಮುಗಿದಂತೆಯೇ. ಹೊರಗೆ ಬಂದವನೇ ಅಕ್ಕನಿಗೆ ಫೋನ್ ಹಚ್ಚಿ, "ನೀವು ಬರೋದು ಬೇಡ ಅಕ್ಕಾ, ಕಿಡ್ನಿ ಅಚ್ಚಾಗಿ ಬಂದಿದೆ" ಎಂದುಬಿಟ್ಟ.

ಡಯಾಲಿಸಿಸ್ ಹಾಸಿಗೆಯಲ್ಲಿದ್ದ ಹೆಂಡತಿಗೆ ಇದನ್ನು ಕೇಳಿ ಗಲಿಬಿಲಿ.

"ಮೆತ್ತಗಿತ್ತೇನ್ರಿ?"

"ಇಲ್ಲ, ಕುಟ್ಟಿದ್ರೆ ಟಕ್ ಅಂತು."

"ಅಂಥದ್ದನ್ನ ಹೊಟ್ಟೆಯೊಳಗೆ ಹೇಗೆ ಇಡ್ತಾರೆ?"

"ನೆನೆಹಾಕ್ತಾರೇನೋ" ಎಂದ. ಅವನಿಗೂ ತಲೆಬುಡ ತಿಳಿಯಲಿಲ್ಲ.

ಪಕ್ಕದಲ್ಲಿದ್ದ ನರ್ಸಮ್ಮ ನಗು ತಡೆದುಕೊಂಡರು. "ಅದು ಪ್ಲಾಸ್ಟಿಕ್ ಮಾದರಿ. ರಕ್ತನಾಳ ಎಲ್ಲೆಲ್ಲಿದೆ ಅಂತ ಡಾಕ್ಟರು ಮೊದಲೇ ನೋಡ್ಕೊಳ್ಳೋಕೆ."

"ಮತ್ತೆ ಜೀವ ಇರೋ ಕಿಡ್ನೀನೇ ಪ್ರಿಂಟ್ ಮಾಡ್ತಾರೆ ಅಂತ ಪೇಪರಲ್ಲಿ ಬಂದಿತ್ತಲ್ಲ?" ಎಂದ ಪ್ರೆಸ್ಸಿನವನು.

"ಜೀವಕೋಶದಿಂದ ಸಣ್ಣಪುಟ್ಟ ತುಣುಕು ಮಾಡಿ ನೋಡ್ತಿದ್ದಾರೆ. ಇಡೀ ಕಿಡ್ನಿ ಇನ್ನೂ ಮನುಷ್ಯರಿಗೆ ಹಾಕೋ ಹಾಗೆ ಆಗಿಲ್ಲ. ಪ್ರೂಫ್ ತಿದ್ದೋದು ಮುಗೀದೆ ನೀವು ಅಚ್ಚಿಗೆ ಬಿಡ್ತೀರಾ?"

"ಎಲ್ಲಾದ್ರೂ ಉಂಟೇ?"

"ಇದೂ ಇನ್ನೂ ಪ್ರೂಫಲ್ಲೇ ಇದೆ."

"ಹಾಗಾದ್ರೆ ಮೇಜಿನ ಮೇಲಿದ್ದದ್ದು?"

"ಕಿಡ್ನಿ ಕೊಡೋ ಅಕ್ಕನ ಸ್ಕ್ಯಾನ್ ಇಟ್ಕೊಂಡು ಮಾಡಿದ್ದು. ಅವರ ಕಿಡ್ನಿಯದೇ ನಕಲು."

ಪ್ರೆಸ್ಸಿನವನಿಗೆ ಆಗ ಹೊಳೆಯಿತು: ನಕಲು ನೋಡಿ ಅಸಲನ್ನೇ ಬೇಡ ಎಂದಿದ್ದ. ಕೂಡಲೇ ಅಕ್ಕನಿಗೆ ಮತ್ತೆ ಫೋನ್ ಮಾಡಿದ.

"ಅಕ್ಕಾ, ಬೆಳಿಗ್ಗೆ ನಾನು ಹೇಳಿದ್ದು..."

"ಸ್ವಲ್ಪ ಜೋರಾಗಿ ಮಾತಾಡಿ, ಬಸ್ಸಲ್ಲಿದ್ದೀನಿ."

"ಬರಬೇಡಿ ಅಂದಿದ್ನಲ್ಲ?"

"ನೀವಂದಿದ್ದು ನನಗೆ ಒಂದಕ್ಷರ ಅರ್ಥವಾಗ್ಲಿಲ್ಲ. ಅರ್ಥವಾಗದ ಮಾತು ಕೇಳ್ಕೊಂಡು ತಂಗೀನ ಬಿಟ್ಟು ಕೂರೋಕಾಗುತ್ತಾ? ಡಾಕ್ಟರನ್ನೇ ಕೇಳೋಣ ಅಂತ ಹೊರಟೆ."

ಅವನು ಫೋನನ್ನು ಹೆಂಡತಿಯ ಕಿವಿಗಿಟ್ಟು, ಮುಖ ತಿರುಗಿಸಿ ಕಣ್ಣೊರೆಸಿಕೊಂಡ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಕಿಡ್ನಿಯನ್ನು ಅಚ್ಚು ಹಾಕುವ ಕಾಲ ಮುಂದೆ ಬರಬಹುದು. ಅದನ್ನು ನಂಬಿಕೊಂಡು ಇವತ್ತಿನ ಚಿಕಿತ್ಸೆ ನಿಲ್ಲಿಸಬೇಡಿ. ಅರ್ಥವಾಗದಿದ್ದರೆ ಡಾಕ್ಟರನ್ನು ಹತ್ತು ಸಲ ಕೇಳಿ, ನಾಚಿಕೆ ಬೇಡ. ಎಲ್ಲರ ಮನೆಯಲ್ಲೂ ಬಸ್ಸು ಹತ್ತಿ ಬರುವ ಅಕ್ಕ ಇರುವುದಿಲ್ಲ. ಅಂಥವರಿಗಾಗಿ ಅಂಗದಾನಕ್ಕೆ ನಿಮ್ಮ ಹೆಸರು ಬರೆಸಿ, ಇವತ್ತೇ ಊಟಕ್ಕೆ ಕೂತಾಗ ಮನೆಯವರಿಗೂ ಹೇಳಿಬಿಡಿ.