ಏಳನೇ ಮಂಚ

ಏಳೂವರೆ ಆದರೂ ಏಳನೇ ಮಂಚ ಖಾಲಿ. ಯಂತ್ರಕ್ಕೆ ಕೊಳವೆ ಜೋಡಿಸಿ, ಎಲ್ಲ ಸಿದ್ಧ ಮಾಡಿಟ್ಟು ದೊಡ್ಡ ಸಿಸ್ಟರ್ ಬಾಗಿಲ ಕಡೆ ನೋಡಿದರು. ಹೋದ ಸಲವೂ ಹೀಗೇ ಆಗಿತ್ತು. ಕಿಡ್ನಿ ಕೈಕೊಟ್ಟವರ ರಕ್ತವನ್ನು ವಾರಕ್ಕೆ ಮೂರು ದಿನ, ನಾಲ್ಕು ನಾಲ್ಕು ಗಂಟೆ ಯಂತ್ರದಲ್ಲಿ ಹಾಯಿಸಿ ಶುದ್ಧಮಾಡುವ ಡಯಾಲಿಸಿಸ್ ಘಟಕ ಅದು. ಒಂದು ಸಲ ತಪ್ಪಿದರೆ ಮೈ ಊದಿಕೊಳ್ಳುತ್ತದೆ. ಎರಡು ಸಲ ತಪ್ಪಿದರೆ ನೀರು ಶ್ವಾಸಕೋಶಕ್ಕೆ ಏರಬಹುದು, ಹೃದಯವೇ ನಿಂತುಹೋಗಬಹುದು. ಆ ಮಂಚಕ್ಕೆ ಬರುತ್ತಿದ್ದ ವಾಚ್ ರಿಪೇರಿಯವರಿಗೆ ಇದು ಗೊತ್ತಿಲ್ಲದ ಸಂಗತಿಯೇನಲ್ಲ.

ಯಾರನ್ನು ಎಲ್ಲಿ ಮಲಗಿಸಬೇಕೆಂದು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ಆದರೆ ದೊಡ್ಡ ಸಿಸ್ಟರ್ ಹದಿನೆಂಟು ವರ್ಷದಿಂದ ನಡೆಸಿಕೊಂಡು ಬಂದ ಪದ್ಧತಿಯೊಂದಿತ್ತು. ಕೂಗಾಡುವವರು, ಅಳುವವರು, ಸೂಜಿ ಕಂಡರೆ ಕೈ ಎಳೆದುಕೊಳ್ಳುವವರು ನರ್ಸ್‌ಗಳ ಮೇಜಿನ ಪಕ್ಕ. ತಂಟೆ ಮಾಡದವರು ಕೊನೆಗೆ, ಕಿಟಕಿ ಕಡೆ. ಮೇಜಿಗೆ ತಾಗಿದ ಒಂದನೇ ಮಂಚದಲ್ಲಿ ಬಾಯಿ ಜೋರಿನ ಹೆಂಗಸೊಬ್ಬರಿದ್ದರು. ಎಲ್ಲರೂ ಬೆನ್ನ ಹಿಂದೆ ಅವರನ್ನು ಸೈರನ್ ಅಕ್ಕ ಎನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು. ವಾಚ್ ರಿಪೇರಿಯವರದು ಮೊದಲ ದಿನದಿಂದಲೂ ಏಳನೇ ಮಂಚ. ಮಲಗುತ್ತಲೇ, "ಸಿಸ್ಟರ್, ನಾಲ್ಕು ಗಂಟೆ ಓಡೋ ಅಷ್ಟು ಕೀ ಕೊಟ್ಟುಬಿಡಿ" ಎನ್ನುತ್ತಿದ್ದರು. ಇಡೀ ಕೋಣೆ ನಗುತ್ತಿತ್ತು. ದೊಡ್ಡ ಸಿಸ್ಟರ್ ಉಳಿದವರಿಗೆ ಅವರನ್ನೇ ತೋರಿಸುತ್ತಿದ್ದರು. "ನೋಡಿ, ಅವರನ್ನ ನೋಡಿ ಕಲೀರಿ. ಒಂದು ದಿನ ಮುಖ ಸಣ್ಣ ಮಾಡಿದ್ದಾರಾ?"

ಎಂಟು ಗಂಟೆಗೆ ಬಂದದ್ದು ಅವರಲ್ಲ, ಅವರ ಹೆಂಡತಿ. ಫೈಲನ್ನು ಎದೆಗವಚಿಕೊಂಡು ಬಾಗಿಲಲ್ಲೇ ನಿಂತರು.

"ಇವತ್ತೂ ಬರಲ್ವಂತೆ ಸಿಸ್ಟರ್. ನೀವಾದ್ರೂ ಒಂದು ಮಾತು ಹೇಳಿ."

"ಜ್ವರಾನಾ?"

"ಜ್ವರ ಅಲ್ಲ." ಆಕೆ ತಲೆ ತಗ್ಗಿಸಿದರು. "ಇಲ್ಲಿ ಹೇಳ್ಬೇಡ ಅಂದಿದ್ರು. ಇಲ್ಲಿಗೆ ಬರೋ ಹಿಂದಿನ ದಿನ ಮಧ್ಯಾಹ್ನದಿಂದ್ಲೇ ಅವರ ಬಾಯಿ ಒಣಗುತ್ತೆ. ಬೆಳಿಗ್ಗೆ ಎದ್ದು ವಾಂತಿ ಮಾಡ್ಕೋತಾರೆ. ಬೆರಳು ಗಡಗಡ ನಡುಗುತ್ತೆ, ಶರ್ಟಿನ ಗುಂಡಿ ನಾನೇ ಹಾಕ್ಬೇಕು. ಮೊದಲಿಂದ್ಲೂ ಹೀಗೇ. ಆವತ್ತು ಆ ಅಲಾರಂ ಹೊಡ್ಕೊಂಡ ಮೇಲಂತೂ ನಿದ್ದೆಯೇ ಇಲ್ಲ."

"ನಮ್ಮ ಹತ್ರ ಒಂದು ಮಾತು ಹೇಳ್ಬಾರದಿತ್ತಾ ಅಮ್ಮಾ?"

"ನಾನೂ ಅದನ್ನೇ ಅಂದೆ. 'ಅಲ್ಲಿ ತೊಂದರೆ ಕೊಡದೇ ಇರೋನು ನಾನೊಬ್ಬನೇ ಕಣೇ, ನಾನೂ ಶುರು ಮಾಡಿದ್ರೆ ಅವರೇನು ಅಂದ್ಕೋತಾರೆ' ಅಂದ್ರು."

ದೊಡ್ಡ ಸಿಸ್ಟರ್ ಕುರ್ಚಿಯಲ್ಲಿ ಕುಳಿತುಬಿಟ್ಟರು. ಆ ಅಲಾರಂ ಅವರಿಗೆ ಚೆನ್ನಾಗಿ ನೆನಪಿತ್ತು. ಮೂರು ವಾರದ ಕೆಳಗೆ ಸೈರನ್ ಅಕ್ಕ ಸೂಜಿ ಕಿತ್ತೆಸೆಯುತ್ತೇನೆಂದು ರಂಪ ಎಬ್ಬಿಸಿದ್ದಾಗ ಇದ್ದಬದ್ದ ನರ್ಸ್‌ಗಳೆಲ್ಲ ಅಲ್ಲೇ ಇದ್ದರು. ಅದೇ ಹೊತ್ತಿಗೆ ಏಳನೇ ಮಂಚದ ಯಂತ್ರ ಕೂಗಿಕೊಂಡಿತ್ತು. ಕೊಳವೆಯೊಂದು ಮಡಿಚಿಕೊಂಡು ರಕ್ತ ನಿಂತಿತ್ತು, ಅಷ್ಟೇ. ದೊಡ್ಡ ಸಿಸ್ಟರ್ ಹೋಗಿ ನೋಡುವಷ್ಟರಲ್ಲಿ ಮೂರೋ ನಾಲ್ಕೋ ನಿಮಿಷ ಕಳೆದಿರಬೇಕು. ಅಷ್ಟು ಹೊತ್ತೂ ಆ ಮನುಷ್ಯ ತನ್ನದೇ ರಕ್ತ ಕಣ್ಣೆದುರು ನಿಂತಿದ್ದನ್ನು ನೋಡುತ್ತಾ ಒಬ್ಬರೇ ಮಲಗಿದ್ದರು. "ಅಲಾರಂ ಚೆನ್ನಾಗಿದೆ ಸಿಸ್ಟರ್, ರಿಪೇರಿ ಬೇಕಾಗಿಲ್ಲ" ಎಂದಿದ್ದರು. ಇವರು ನಕ್ಕು, ಕೊಳವೆ ನೇರಮಾಡಿ, ಗುಂಡಿ ಒತ್ತಿ ಬಂದಿದ್ದರು. ಮುಂದಿನ ಸಲ ಅವರು, ಕಿಟಕಿ ಗಾಳಿ ಜಾಸ್ತಿ, ಮೇಜಿನ ಹತ್ತಿರ ಮಂಚ ಸಿಗುತ್ತದಾ ಎಂದು ಕೇಳಿದ್ದರು. ಆಮೇಲೂ ಒಮ್ಮೆ ಕೇಳಿದ್ದರು. "ನೀವಿದ್ರೆ ಆ ಮೂಲೆ ಬಗ್ಗೆ ನಮಗೆ ಚಿಂತೆನೇ ಇಲ್ಲ" ಎಂದು ಇವರು ಹೊಗಳಿ ಕಳಿಸಿದ್ದರು.

ಹಾಗೆಂದು ದೊಡ್ಡ ಸಿಸ್ಟರ್‌ಗೆ ತಿಳಿಯದ ವಿದ್ಯೆಯೇನಲ್ಲ ಇದು. ಹೊಸ ನರ್ಸ್‌ಗಳಿಗೆ ಪ್ರತಿ ವರ್ಷ ಪಾಠ ಹೇಳುತ್ತಿದ್ದವರು ಅವರೇ. ಹೆದರಿದ ಮನುಷ್ಯ ಜಗಳಕ್ಕೆ ನಿಲ್ಲಬಹುದು, ಎದ್ದು ಓಡಬಹುದು, ಮರಗಟ್ಟಿ ಕೂರಬಹುದು, ಇಲ್ಲವೇ ಎಲ್ಲರಿಗೂ ಬೇಕಾದವನಾಗಿ ನಗಿಸುತ್ತಾ ಇರಬಹುದು; ಕೊನೆಯವನನ್ನು ಹುಷಾರಾಗಿ ನೋಡಿ ಎಂದು ಬೋರ್ಡಿನ ಮೇಲೆ ಗೆರೆ ಎಳೆದು ಹೇಳುತ್ತಿದ್ದರು. ಆಮೇಲೆ ಸೀಮೆಸುಣ್ಣದ ಕೈ ತೊಳೆದುಕೊಂಡು ಬಂದು ಏಳನೇ ಮಂಚದ ಮಾತಿಗೆ ನಗುತ್ತಿದ್ದರು. ಅವರಿಗೆ ನಾಚಿಕೆಯಾಯಿತು.

ಡಾಕ್ಟರಿಗೆ ವಿಷಯ ತಿಳಿಸಿದರು. "ಎರಡು ಸಲ ತಪ್ಪಿದೆ, ನಾಳೆ ಅನ್ನೋ ಮಾತೇ ಬೇಡ, ಇವತ್ತೇ ಕರೆಸಿ" ಎಂದರು ಡಾಕ್ಟರ್. ದೊಡ್ಡ ಸಿಸ್ಟರ್ ಮೇಜಿನ ಫೋನ್ ಎತ್ತಿಕೊಂಡರು. ಏನು ಮಾಡಬೇಕೆಂದು ಮನಸ್ಸಿನಲ್ಲೇ ಹೇಳಿಕೊಂಡರು: ಅವಸರ ಬೇಡ, ಬುದ್ಧಿವಾದ ಬೇಡ, ಅವರು ಸುಮ್ಮನಾದರೆ ನಾವೂ ಸುಮ್ಮನಿರಬೇಕು.

"ಯಜಮಾನರೇ, ನಿಮ್ಮ ಮನೆಯವರು ಬಂದಿದ್ದಾರೆ. ಎಲ್ಲ ಹೇಳಿದ್ರು. ನಿಮಗೆ ಭಯ ಆಗಿದೆ ಅಲ್ವಾ?"

ಆ ಕಡೆಯಿಂದ ಉಸಿರು ಮಾತ್ರ ಕೇಳುತ್ತಿತ್ತು, ಅದೂ ಏದುಸಿರು. ಏನೋ ಹೇಳಲು ಬಾಯಿ ತೆರೆದಂತಾಯಿತು.

"ಸಿಸ್ಟರ್," ಎಂದರು. ತಡವರಿಸಿದರು. ಆಮೇಲೆ ಅದೇ ಹಳೆಯ ದನಿ ಬಂತು. "ಅವಳಿಗೇನು ಗೊತ್ತು. ವಾಚು ಸ್ವಲ್ಪ ಸ್ಲೋ ಆಗಿದೆ ಅಷ್ಟೇ. ಕಸ್ಟಮರ್‌ಗೆ ನಾನು ಯಾವಾಗ್ಲೂ ಹೇಳ್ತಿದ್ದ ಹಾಗೆ, ನಾಳೆ ಬನ್ನಿ, ರೆಡಿ ಇರುತ್ತೆ!"

ದೊಡ್ಡ ಸಿಸ್ಟರ್ ನಕ್ಕರು. ಬೇಕೆಂದು ನಕ್ಕದ್ದಲ್ಲ, ಎರಡು ವರ್ಷದ ಅಭ್ಯಾಸ, ಬಾಯಿಗೆ ತಾನಾಗೇ ಬಂತು.

"ಹಾಗಾದ್ರೆ ನಾಳೆ ಬರ್ತೀನಿ ಸಿಸ್ಟರ್," ಎಂದರು ಅವರು ತಕ್ಷಣ, ಹಗುರಾಗಿ.

"ಇವತ್ತೇ ಬಂದ್ರೆ ಒಳ್ಳೇದಿತ್ತು…"

"ನಾಳೆ. ಖಂಡಿತ."

"ಸರಿ, ನಾಳೆ ತಪ್ಪಿಸ್ಬೇಡಿ ಮತ್ತೆ. ಮೇಜಿನ ಪಕ್ಕದ ಮಂಚ ಕೊಡ್ತೀನಿ."

ಫೋನಿಟ್ಟ ಮೇಲೂ ಆ ನಗು ಅವರ ಕಿವಿಯಲ್ಲೇ ಇತ್ತು. ಮತ್ತೆ ಫೋನ್ ಮಾಡಬೇಕೆನ್ನಿಸಿತು. ಅಷ್ಟರಲ್ಲಿ ಮೂರನೇ ಮಂಚದವರಿಗೆ ಬಿಪಿ ಇಳಿಯಿತು. ಅತ್ತ ಓಡಿದರು. ಡಾಕ್ಟರ್ ಕೇಳಿದಾಗ, ನಾಳೆ ಒಪ್ಪಿದ್ದಾರೆ ಎಂದರು. ಡಾಕ್ಟರ್ ಹುಬ್ಬು ಗಂಟಿಕ್ಕಿ, ಉಸಿರು ಕಟ್ಟಿದರೆ ಆ ಕ್ಷಣವೇ ಕರೆತರಬೇಕೆಂದು ಹೆಂಡತಿಗೆ ಎರಡು ಸಲ ಹೇಳಿ ಕಳಿಸಿದರು.

ಮರುದಿನ ಬೆಳಿಗ್ಗೆ ದೊಡ್ಡ ಸಿಸ್ಟರ್ ತಾವೇ ಒಂದನೇ ಮಂಚಕ್ಕೆ ಹೊಸ ಬಟ್ಟೆ ಹಾಸಿದರು. ಸೈರನ್ ಅಕ್ಕನ ಸರದಿ ಆ ದಿನ ಇರಲಿಲ್ಲ, ಆದರೂ ಜಾಗ ಬದಲಾಗಿದೆ ಎಂದು ಫೋನಿನಲ್ಲಿ ತಿಳಿಸಿದರು. "ನನ್ನ ಮಂಚ ಯಾರಿಗೆ ಕೊಟ್ರಿ?" ಎಂದು ಗುಡುಗಿದ ಆಕೆ, ಯಾರಿಗೆಂದು ತಿಳಿದ ಮೇಲೆ ಮೆತ್ತಗಾದರು. "ಅವರಿಗಾ? ಕೊಡಿ ಕೊಡಿ. ಅವರ ಕೈ ನಡುಗೋದನ್ನ ನಾನು ಎಷ್ಟೋ ಸಲ ನೋಡಿದ್ದೀನಿ. ನಿಮಗೂ ಗೊತ್ತಿರುತ್ತೆ ಅಂದ್ಕೊಂಡಿದ್ದೆ."

ವಾಚ್ ರಿಪೇರಿಯವರು ಬರಲಿಲ್ಲ. ಹನ್ನೊಂದೂವರೆಗೆ ಕೆಳಗಿನ ತುರ್ತು ವಿಭಾಗದಿಂದ ಫೋನ್ ಬಂತು. ದೊಡ್ಡ ಸಿಸ್ಟರ್ ಮೆಟ್ಟಿಲಿಳಿದು ಹೋಗುವಷ್ಟರಲ್ಲಿ ಅಲ್ಲಿಯವರು ಎಲ್ಲ ಮುಗಿಯಿತೆಂದು ಕೈಗವಸು ತೆಗೆಯುತ್ತಿದ್ದರು.

ಐದನೇ ದಿನ ಹೆಂಡತಿ ಮತ್ತೆ ಬಂದರು. ಫೈಲ್ ವಾಪಸು ಕೊಡಬೇಕಿತ್ತು. ಮಧ್ಯಾಹ್ನದ ಹೊತ್ತು, ಒಂದು ಸರದಿ ಮುಗಿದು ಇನ್ನೊಂದು ಶುರುವಾಗಿರಲಿಲ್ಲ. ಕೋಣೆಯಲ್ಲಿ ಅವರಿಬ್ಬರೇ.

"ಐದು ಗಂಟೆಗೇ ಎದ್ದಿದ್ರು," ಎಂದರು ಆಕೆ. "ಸ್ನಾನ ಮಾಡಿ, ಶೂ ಹಾಕ್ಕೊಂಡು ಬಾಗಿಲ ಹತ್ರ ಕುರ್ಚೀಲಿ ಕೂತ್ಕೊಂಡ್ರು. ಹೊರಡೋಣ ಅಂದೆ. ಐದು ನಿಮಿಷ ಅಂದ್ರು. ಆಟೋ ಬಂತು, ಐದು ನಿಮಿಷ ಅಂದ್ರು. ಆಟೋ ಹೋಯ್ತು. ಅಲ್ಲೇ ಕೂತಿದ್ರು ಸಿಸ್ಟರ್, ಹನ್ನೊಂದಕ್ಕೆ ಉಸಿರು ಕಟ್ಟೋ ತನಕ. ಬರ್ಬೇಕು ಅಂತಾನೇ ಇದ್ರು. ಏಳೋಕೇ ಆಗ್ಲಿಲ್ಲ."

"ಫೋನಲ್ಲಿ ನಾನು ನಗಬಾರದಿತ್ತು ಅಮ್ಮಾ," ಎಂದರು ದೊಡ್ಡ ಸಿಸ್ಟರ್.

ಆಕೆ ಫೈಲನ್ನು ಮೇಜಿನ ಮೇಲಿಟ್ಟರು. ಕೋಣೆಯನ್ನೊಮ್ಮೆ ಸುತ್ತ ನೋಡಿದರು.

"ಮೇಜಿನ ಪಕ್ಕದ ಮಂಚ ಸಿಗುತ್ತಂತೆ ಅಂತ ಹಿಂದಿನ ರಾತ್ರಿ ಎರಡು ಸಲ ಹೇಳಿದ್ರು. ಯಾವುದು ಅದು?"

ದೊಡ್ಡ ಸಿಸ್ಟರ್ ತೋರಿಸಿದರು. ಆಕೆ ಚಪ್ಪಲಿ ಬಿಟ್ಟು, ಮಂಚದ ಅಂಚಿನಲ್ಲಿ ಕುಳಿತರು. ಸ್ವಲ್ಪ ಹೊತ್ತಿನ ಮೇಲೆ ನಿಧಾನವಾಗಿ ಒರಗಿ, ಯಂತ್ರಕ್ಕೆ ಕೊಡುವಂತೆ ಎಡಗೈ ಒಂದು ಬದಿಗಿಟ್ಟು, ಬಲಗೈ ಚಾಚಿದರು. ಬೆರಳ ತುದಿ ಮೇಜಿಗೆ ತಾಕಿತು.