ನೇಮಣ್ಣನ ಸ್ಟಾಪರ್

ನಾನು ಒಂದು ಸ್ಟಾಪರ್. ಅಂಗೈಯಲ್ಲಿ ಹಿಡಿಯುವಷ್ಟು ಕಬ್ಬಿಣದ ಗಟ್ಟಿ. ಕೆಳಗೆ ಲೇತು ಯಂತ್ರದ ಹಳಿಯ ಮೇಲೆ ಸರಿಯಾಗಿ ಕೂರುವ ಒಂದು ಕಚ್ಚು, ಬದಿಗೆ ಬಿಗಿಯುವ ಬೋಲ್ಟು, ಎದುರಿಗೆ ಚಾಚಿದ ಒಂದು ತಿರುಪು. ಆ ತಿರುಪಿನ ತುದಿಯೇ ನನ್ನ ಮುಖ. ನಾನು ತಿರುಗುವುದಿಲ್ಲ, ಕೊರೆಯುವುದಿಲ್ಲ, ಕಿಡಿ ಹಾರಿಸುವುದಿಲ್ಲ. ಒಂದೇ ಕಡೆ ಕೂತು, ಬಂದು ತಾಗಿದ್ದಕ್ಕೆ ‘ಇಲ್ಲಿಗೆ ಸಾಕು’ ಎನ್ನುವುದೊಂದೇ ನನಗೆ ಗೊತ್ತಿರುವ ಕೆಲಸ.

ಹುಟ್ಟಿದ್ದು ಬೆಳಗಾವಿಯ ಉದ್ಯಮಬಾಗದಲ್ಲಿ, ಅಪ್ಪಾಸಾಹೇಬರ ಶೆಡ್ಡಿನಲ್ಲಿ. ಮುರಿದ ಟ್ರಾಲಿಯ ಅಚ್ಚಿನ ತುಂಡೊಂದು ಮೂಲೆಯಲ್ಲಿ ತುಕ್ಕು ಹಿಡಿದು ಬಿದ್ದಿತ್ತು. ಮೂವತ್ತು ವರ್ಷದಿಂದ ಅಲ್ಲಿ ಲೇತು ನಡೆಸುವ ಟರ್ನರ್ ಆಗಿದ್ದ ನೇಮಣ್ಣ ಅದನ್ನೆತ್ತಿಕೊಂಡು, ಮೂರು ದಿನದ ಊಟದ ಬಿಡುವಿನಲ್ಲಿ, ರೊಟ್ಟಿಯನ್ನು ನಿಂತೇ ತಿಂದು, ನನ್ನನ್ನು ಮಾಡಿದ.

ಆಗ ಶೆಡ್ಡಿಗೆ ಹಿತ್ತಾಳೆ ಪಿನ್ನುಗಳ ದೊಡ್ಡ ಆರ್ಡರು ಬಂದಿತ್ತು. ಬೆರಳಿನ ಗೆಣ್ಣಿನಷ್ಟು ಪಿನ್ನು: ಮೇಲೆ ದಪ್ಪ ತಲೆ, ಕೆಳಗೆ ಹದಿನೆಂಟು ಮಿಲಿಮೀಟರಿನ ಕಾಂಡ. ಸಾವಿರಗಟ್ಟಲೆ ಬೇಕು, ಎಲ್ಲವೂ ಒಂದೇ ಅಳತೆ. ಉಳಿದ ಟರ್ನರುಗಳು ಒಂದಿಷ್ಟು ಕೊರೆದು, ಲೇತು ನಿಲ್ಲಿಸಿ, ವರ್ನಿಯರ್ ಹಚ್ಚಿ ನೋಡಿ, ಮತ್ತೊಂದಿಷ್ಟು ಕೊರೆದು, ಮತ್ತೆ ಅಳೆಯುತ್ತಿದ್ದರು. ನೇಮಣ್ಣ ಅಳೆಯಲೇ ಇಲ್ಲ. ನನ್ನನ್ನು ಹಳಿಗೆ ಬಿಗಿದ. ಹಳಿಯ ಮೇಲೆ ಹತಾರ ಹೊತ್ತು ಸರಿಯುವ ಗಾಡಿ ಕೊರೆಯುತ್ತ ಬಂದು ನನ್ನ ಮುಖಕ್ಕೆ ‘ಟಕ್’ ಎಂದು ತಾಗುತ್ತಿತ್ತು. ತಾಗಿತೆಂದರೆ ಹದಿನೆಂಟು. ಗಾಡಿ ಹಿಂದೆ, ಪಿನ್ನು ಟ್ರೇಗೆ, ಮುಂದಿನದು ಬರಲಿ.

“ಏ ನೇಮಣ್ಣಾ, ಏನ್ ಮಂತ್ರ ಹಾಕೀಯೋ ಇದಕ್ಕ? ನಾ ಒಂದು ಪಿನ್ ಮಾಡೂದ್ರಾಗ ನೀ ನಾಕು ಒಗೀತಿ!” ಅಂದ ಪಕ್ಕದ ಲೇತಿನ ಕಲ್ಲಪ್ಪ.

“ಮಂತ್ರ ಅಲ್ಲೋ ಮಾರಾಯಾ. ಇಂವ ನನ್ನ ಮನಿ ಅಳಿಯ. ಕುಂತ ಜಾಗಾ ಬಿಟ್ಟು ಏಳಂಗಿಲ್ಲ, ಆದ್ರೂ ಉಪಯೋಗಕ್ಕ ಬರ್ತಾನ!”

ಇಡೀ ಶೆಡ್ಡು ನಕ್ಕಿತು. ನಾನು ಮಾತ್ರ ನಗಲಿಲ್ಲ. ನನಗೆ ನಿಜ ಗೊತ್ತಿತ್ತು. ನೇಮಣ್ಣನಿಗೆ ವರ್ನಿಯರಿನ ಗೆರೆಗಳು ಕಾಣುತ್ತಿರಲಿಲ್ಲ. ಕಣ್ಣಿನ ನರ ಒಣಗುತ್ತಿದೆ, ಇದು ಕನ್ನಡಕಕ್ಕೆ ಬಗ್ಗುವ ರೋಗವಲ್ಲ ಎಂದು ಡಾಕ್ಟರು ಹೇಳಿದ್ದನ್ನು ಅವನು ಮನೆಯಲ್ಲೂ ಬಾಯಿಬಿಟ್ಟಿರಲಿಲ್ಲ. ನನ್ನ ತಿರುಪು ಬಿಗಿಯುವ ನೆಪದಲ್ಲಿ ಬಾಗಿ, ನನಗೊಬ್ಬನಿಗೇ ಕೇಳುವ ಹಾಗೆ ಅಂದಿದ್ದ: “ರಿಟೈರ್ ಆಗಾಕ ಇನ್ನಾ ಎರಡು ವರ್ಷ ಐತೋ. ಅಲ್ಲೀತನಕ ನೀನ ನನ್ನ ಕಣ್ಣು. ಗೊತ್ತಾತಂದ್ರ ಲೇತ್ ಕಸ್ಕೊಂಡು ಗೇಟಿನ್ಯಾಗ ಕುಂದ್ರಸ್ತಾರ ನನ್ನ.”

ದಿನದ ಮೊದಲ ಪಿನ್ನನ್ನು ಅವನು ಕಿಟಕಿ ಪಕ್ಕದ ಮೇಜಿಗೆ ಒಯ್ಯುತ್ತಿದ್ದ. ಅಲ್ಲಿ ಮೆಹರೂನ್ ಕೂತು ತಯಾರಾದ ಮಾಲನ್ನು ಪರೀಕ್ಷೆ ಮಾಡುತ್ತಿದ್ದಳು. “ತಂಗಿ, ನೀನ ಅಳದು ಹೇಳಿಬಿಡವಾ. ನನ್ನ ಕೈಯೆಲ್ಲಾ ಎಣ್ಣಿ ಆಗ್ಯಾವು.” ಅವಳು ಅಳೆದು, “ಒಂದು ಕೂದಲ ಗಿಡ್ಡ ಐತ್ರಿ ಅಣ್ಣಾರ” ಎನ್ನುವಳು. ಇವನು ಬಂದು ನನ್ನ ತಿರುಪನ್ನು ಬೆರಳಿನ ಅಂದಾಜಿನಲ್ಲೇ ಅಷ್ಟು ತಿರುಗಿಸುವನು. ಆಮೇಲೆ ಐದು ಪಿನ್ನಿಗೊಮ್ಮೆ ಹೆಬ್ಬೆರಳಿನಿಂದ ನನ್ನ ಮುಖ ಸವರುತ್ತಿದ್ದ. ಹಿತ್ತಾಳೆಯ ಒಂದು ಚೂರು ನಡುವೆ ಸಿಕ್ಕಿದರೂ ಲೆಕ್ಕ ತಪ್ಪುತ್ತದಲ್ಲ, ಅದಕ್ಕೆ. ಗಾಡಿ ದಿನಕ್ಕೆ ನೂರಾರು ಸಲ ಬಂದು ನನಗೆ ಗುದ್ದುತ್ತಿತ್ತು. ಆದರೆ ನಾನು ಕಾಯುತ್ತಿದ್ದದ್ದು ಆ ಹೆಬ್ಬೆರಳಿಗಾಗಿ.

ಅಪ್ಪಾಸಾಹೇಬರು ಇದನ್ನೆಲ್ಲ ನೋಡಿದರು. ನನ್ನಂಥವೇ ಐದು ಸ್ಟಾಪರ್ ಮಾಡಿಸಿ ಎಲ್ಲ ಲೇತಿಗೂ ಹಾಕಿಸಿದರು. ದಿನದ ಪಿನ್ನು ನಾಲ್ಕು ಪಟ್ಟಾಯಿತು. ಅಲ್ಲಿಗೆ ಶೆಡ್ಡಿನ ಮಾತು ನಿಂತುಹೋಯಿತು. ಮೊದಲೆಲ್ಲ ಅಳೆಯಲು ಲೇತು ನಿಲ್ಲಿಸಿದಾಗ ಮಾತು ಹುಟ್ಟುತ್ತಿತ್ತು: ಯಾರ ಬಸುರಿ ಮಗಳ ಕುಬಸ, ಯಾರ ಎಮ್ಮೆ ಕರು ಹಾಕಿದ್ದು, ಯಾರ ಬೀಗರು ಊಟಕ್ಕೆ ಮುನಿದದ್ದು. ಈಗ ಯಾರೂ ನಿಲ್ಲಿಸುವುದೇ ಇಲ್ಲ. ಬೆಳಗಿನಿಂದ ಸಂಜೆಯವರೆಗೆ ಟಕ್, ಟಕ್, ಟಕ್.

“ನಿನ್ನ ಮನಿ ಅಳಿಯ ಎಲ್ಲಾರ ಬಾಯಿ ಮುಚ್ಚಿಸಿದ ನೋಡಪಾ,” ಅಂದ ಕಲ್ಲಪ್ಪ. ಈ ಸಲ ಅವನು ನಗಲಿಲ್ಲ. ಚಹಾ ಹೊತ್ತಿಗೆ ನೇಮಣ್ಣನನ್ನು ಯಾರೂ ಕರೆಯದಾದರು. ಅವನು ಕಪ್ಪು ಹಿಡಿದು ನನ್ನ ಪಕ್ಕದಲ್ಲೇ ನಿಂತು ಕುಡಿಯುತ್ತಿದ್ದ. ನನಗೆ ಬಾಯಿಲ್ಲ. ಇದ್ದಿದ್ದರೂ ಏನು ಹೇಳುತ್ತಿದ್ದೆನೋ.

ಅಪ್ಪಾಸಾಹೇಬರು ದಿನದ ಪಿನ್ನಿನ ಸಂಖ್ಯೆಯನ್ನು ಮತ್ತೆ ಏರಿಸಿದ ವಾರ, ಅವಸರದಲ್ಲಿ ನೇಮಣ್ಣ ಹೆಬ್ಬೆರಳು ಸವರುವುದನ್ನು ಬಿಟ್ಟ. ಎಳ್ಳಿಗಿಂತ ಸಣ್ಣ ಚೂರೊಂದು ಬಂದು ನನ್ನ ಮುಖಕ್ಕೆ ಅಂಟಿತು. ಗಾಡಿ ನನ್ನನ್ನು ಬಿಟ್ಟು ಅದಕ್ಕೆ ತಾಗತೊಡಗಿತು. ಸದ್ದು ‘ಟಕ್’ ಇದ್ದದ್ದು ‘ಟಪ್’ ಆಯಿತು. ಅಷ್ಟೇ ನನ್ನ ಕೂಗು. ಆ ಗದ್ದಲದಲ್ಲಿ ಯಾರಿಗೆ ಕೇಳಬೇಕು? ಇನ್ನೂರು ಪಿನ್ನು ಹಾಗೇ ಹೋದವು.

ಚಹಾ ಹೊತ್ತು. ಎಲ್ಲರೂ ಹೊರಗಿದ್ದರು. ಮೆಹರೂನ್ ಟ್ರೇ ಎತ್ತಿಕೊಂಡು ಬಂದಳು.

“ಅಣ್ಣಾರ, ಇವು ಎಲ್ಲಾ ಗಿಡ್ಡ ಅದಾವ್ರಿ.”

“ಆಗಾಕ ಸಾಧ್ಯನ ಇಲ್ಲ.” ನೇಮಣ್ಣ ಬಾಗಿ ನನ್ನನ್ನು ನೋಡಿದ. ಚೂರು ಅವನ ಮೂಗಿನ ಮುಂದೆಯೇ ಹೊಳೆಯುತ್ತಿತ್ತು. “ನೋಡಿಲ್ಲೆ, ಏನೂ ಇಲ್ಲ.”

ಅವಳು, “ಹೆಬ್ಬಟ್ಟ ಇಟ್ಟು ನೋಡ್ರಿ,” ಅಂದಳು.

ಇಟ್ಟ. ಚುಚ್ಚಿತು. ಬೆರಳನ್ನು ತೆಗೆಯದೆ ಹಾಗೇ ನಿಂತ.

“ಯಾವಾಗಿಂದ ಗೊತ್ತೈತಿ ನಿನಗ?”

“ಮೊದಲ್ನೇ ಪಿನ್ನಿಂದ್ರಿ. ಅವತ್ತು ನಿಮ್ಮ ಕೈಗೆ ಎಣ್ಣೀನ ಇರಲಿಲ್ಲ.”

“ಯಾರಿಗರ ಹೇಳೀಯೇನು?”

“ನಾ ಯಾಕ ಹೇಳ್ಲಿ? ಕೊರದದ್ದು ಕಡಿಮಿ ಆಗೇತಿ, ಇನ್ನೊಮ್ಮಿ ಹಿಡದು ಕೊರದ್ರ ಸರಿ ಹೋಗ್ತಾವು. ಟ್ರೇ ಇಲ್ಲೇ ಇಡ್ತೀನಿ.” ಹೊರಟವಳು ತಿರುಗಿದಳು. “ಇವತ್ತು ಪಿನ್ನು ಹೋದ್ವು ಅಣ್ಣಾರ. ನಾಳೆ ನಿಮ್ಮ ಕೈ ಹೋದ್ರ?”

ನೇಮಣ್ಣ ಇನ್ನೂರನ್ನೂ ಮತ್ತೆ ಕೊರೆದ. ಐದಕ್ಕೊಮ್ಮೆ ಅಲ್ಲ, ಒಂದೊಂದಕ್ಕೂ ನನ್ನ ಮುಖ ಸವರಿದ. ಕೊನೆಯದನ್ನು ಟ್ರೇಗೆ ಹಾಕಿ, ಕೈ ಒರೆಸಿಕೊಂಡು, ಯಾರೂ ಕರೆಯದಿದ್ದರೂ ತಾನಾಗಿಯೇ ಅಪ್ಪಾಸಾಹೇಬರ ಕೋಣೆಗೆ ನಡೆದ.

ಅವರು ಗೇಟಿನ ಕೆಲಸ ಕೊಡುತ್ತೇನೆಂದರಂತೆ. “ಕಣ್ಣ ಕಾಣದಾಂವನ್ನ ಕಾವಲಿಗೆ ಹಚ್ಚತೀರೇನ್ರಿ?” ಎಂದು ಇವನೇ ನಕ್ಕನಂತೆ. ಸದಲಗಾ ಊರಿನಲ್ಲಿದ್ದ ಅಕ್ಕನ ಮನೆಗೆ ಹೋಗುವುದೆಂದಾಯಿತು. ಹೊರಡುವ ದಿನ ನನ್ನ ಬೋಲ್ಟು ಸಡಿಲಿಸಿ, ಒಯ್ದು ಮೆಹರೂನಳ ಮೇಜಿನ ಮೇಲಿಟ್ಟ. “ಕಾಗದ ಹಾರತಾವಂತಿದ್ದೆಲ್ಲ. ಇಟಗೊ.”

ಅಂದಿನಿಂದ ನಾನು ಕಾಗದದ ಮೇಲೆ ಕೂತಿದ್ದೇನೆ. ಆ ಲೇತಿಗೆ ಹೊಸಬ ಬಂದ, ಹೊಸ ಸ್ಟಾಪರ್ ಬಂತು. ನನ್ನ ಮುಖಕ್ಕೆ ಏನೂ ಬಂದು ತಾಗುವುದಿಲ್ಲ. ಮೆಹರೂನ್ ಆಗೀಗ ಬಟ್ಟೆಯಿಂದ ಧೂಳು ಹೊಡೆಯುತ್ತಾಳೆ. ಧೂಳಿಗಾಗಿ ಮುಟ್ಟುವುದು ಬೇರೆ.

ನಾಲ್ಕು ವರ್ಷದ ಮೇಲೆ ಒಂದು ಮಧ್ಯಾಹ್ನ ನೆಲದ ಕಲ್ಲಿನ ಮೇಲೆ ಕೋಲಿನ ಸದ್ದಾಯಿತು. ಕಲ್ಲಪ್ಪ ಗೇಟಿನಿಂದ ಕೈಹಿಡಿದು ಕರೆತರುತ್ತಿದ್ದ. “ಬಾರೋ ಮಾವಾ, ನಿನ್ನ ಮನಿ ಅಳಿಯ ಇನ್ನೂ ಕುಂತಲ್ಲೇ ಕುಂತಾನ!”

ನೇಮಣ್ಣ ಕುರ್ಚಿಯಲ್ಲಿ ಕೂತ. ಕಣ್ಣು ಪೂರ್ತಿ ಹೋಗಿತ್ತು. ಮಾತಾಡುತ್ತಲೇ ಅವನ ಕೈ ಮೇಜಿನ ಮೇಲೆ ತಡಕಾಡಿ ನನ್ನನ್ನು ಮುಟ್ಟಿತು.

“ತುಕ್ಕ ಹಿಡದೈತಲ್ಲ ತಂಗಿ.”

“ನನಗೂ ಹಿಡದೈತ್ರಿ ಅಣ್ಣಾರ.”

ಅವನ ಹೆಬ್ಬೆರಳು ನನ್ನ ಮುಖದ ಮೇಲೆ ನಿಧಾನ ಹೋಯಿತು, ಮತ್ತೆ ವಾಪಸು ಬಂತು, ಇನ್ನೊಮ್ಮೆ ಹೋಯಿತು. ಚೂರೇನಾದರೂ ಅಂಟಿದೆಯೇ ಎಂದು ಹುಡುಕಿತು.

“ಏನೂ ಇಲ್ಲ,” ಅಂದ.

ಆಮೇಲೆ ಅವನು ಬರಲಿಲ್ಲ. ಇದ್ದಾನೋ ಇಲ್ಲವೋ, ಮೇಜಿನ ಬಳಿ ಯಾರೂ ಆ ಮಾತು ಆಡಲಿಲ್ಲ. ನಾನೂ ಇಟ್ಟಲ್ಲೇ ಇದ್ದೇನೆ. ಹೊರಗೆ ಕಲ್ಲಿನ ಮೇಲೆ ಯಾರದೋ ಕೋಲು ‘ಟಕ್’ ಎಂದರೆ ಮಾತ್ರ, ನನ್ನಷ್ಟಕ್ಕೆ ನಾನು ‘ಹದಿನೆಂಟು’ ಎಂದುಕೊಳ್ಳುತ್ತೇನೆ.